ಮುರಿದ ಆಕ್ಸಲ್ಲಿನ ಮಾಸಲು ಭಾಗ

ಅರಸೀಕೆರೆ ಜಂಕ್ಷನ್ನಿಗೆ ರಾತ್ರಿ ಗಾಡಿ ಬಂದು ನಿಂತರೆ ಮೊದಲು ಕೇಳಿಸುತ್ತಿದ್ದದ್ದು ಟೀ ಮಾರುವವರ ಕೂಗು, ಆಮೇಲೆ ಅಪ್ಪನ ಸುತ್ತಿಗೆ. ಠಣ್, ಠಣ್ ಎಂದು ಗಾಲಿಯಿಂದ ಗಾಲಿಗೆ ದೂರ ಸರಿಯುತ್ತಾ ಹೋಗಿ, ಗಾಡಿಯ ಆ ಮಗ್ಗುಲಿಗೆ ತಿರುಗಿ, ಮತ್ತೆ ಹತ್ತಿರ ಬರುತ್ತಿತ್ತು. ನಮ್ಮ ಕ್ವಾರ್ಟರ್ಸು ಯಾರ್ಡಿಗೆ ಅಂಟಿಕೊಂಡೇ ಇತ್ತು. ಸದ್ದು ಎರಡನೇ ಸಲ ಹತ್ತಿರ ಬಂತೆಂದರೆ ಆ ಗಾಡಿಯ ಕೆಲಸ ಮುಗಿಯಿತೆಂದು ಲೆಕ್ಕ ಹಾಕಿ ಅವ್ವ ಸಾರು ಬಿಸಿಗಿಡುತ್ತಿದ್ದಳು.

ಅಪ್ಪ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗಕ್ಕೆ ಖಲಾಸಿಯಾಗಿ ಸೇರಿ ಫಿಟ್ಟರ್ ಆದವರು. ಒಂದು ಕೈಯಲ್ಲಿ ಲಾಂದ್ರ, ಇನ್ನೊಂದು ಕೈಯಲ್ಲಿ ಉದ್ದ ಹಿಡಿಯ, ಸಣ್ಣ ತಲೆಯ ಸುತ್ತಿಗೆ. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಒಂದು ರಾತ್ರಿ ಊಟದ ಕ್ಯಾರಿಯರ್ ಕೊಡಲು ಹೋದವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಗೂಡ್ಸ್ ಗಾಡಿಯ ಎರಡು ಗಾಲಿಗಳನ್ನು ಬಡಿದು ತೋರಿಸಿದರು.

"ಕೇಳ್ದೇನ್ಲಾ ಮಗಾ? ಇದು ಹಾಡ್ತದೆ. ಅದು ಕೆಮ್ತದೆ."

ಕೆಮ್ಮಿದ ಗಾಲಿಯ ವ್ಯಾಗನ್ನಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಅದನ್ನು ಗಾಡಿಯಿಂದ ಬಿಡಿಸಿ, ರಿಪೇರಿಗೆ ನಿಲ್ಲಿಸುವ ಸಿಕ್ ಲೈನಿಗೆ ತಳ್ಳಿದರು. ಆ ರಾತ್ರಿ ನನಗೆ ಇದೊಂದು ಮಾಟದ ಹಾಗೆ ಕಂಡಿತ್ತು. ಆದರೆ ಇದೇ ಕೆಲಸವನ್ನು ಅವ್ವ ಸಂತೆಯಲ್ಲಿ ಪ್ರತಿ ವಾರ ಮಾಡುತ್ತಿದ್ದಳು. ಮಡಕೆಯನ್ನು ಎಡಗೈ ಮೇಲೆ ಎತ್ತಿ ಹಿಡಿದು ಬಲಗೈ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಕೊಟ್ಟು, ಬೇಡವೆಂದರೆ ಮಾತಿಲ್ಲದೆ ಕೆಳಗಿಡುತ್ತಿದ್ದಳು. ಬಿರುಕಿಲ್ಲದ ಮೈಯಲ್ಲಿ ಅದುರು ಸುತ್ತ ಹರಿದು ಬರುತ್ತದೆ, ಬಿರುಕಿದ್ದ ಕಡೆ ನಿಂತುಬಿಡುತ್ತದೆ. ಕುಂಬಾರನ ಮಡಕೆಗೂ ರೈಲಿನ ಗಾಲಿಗೂ ಇದು ಒಂದೇ.

ಆದರೆ ಸುತ್ತಿಗೆಗೆ ಎಟುಕದ ಜಾಗವೊಂದಿತ್ತು. ಎರಡು ಗಾಲಿಗಳನ್ನು ಜೋಡಿಸುವ ಆಕ್ಸಲ್, ನಮ್ಮ ಎತ್ತಿನ ಗಾಡಿಯವರು ಅಚ್ಚು ಎನ್ನುವ ಭಾಗ, ಗಾಲಿಯೊಳಗೆ ಹೊಕ್ಕು ಕೂತಿರುವಲ್ಲಿ ಬಿರುಕು ಬಿಟ್ಟರೆ ಹೊರಗಿನ ಪೆಟ್ಟಿಗೆ ಅದು ಉತ್ತರ ಕೊಡುವುದಿಲ್ಲ. ಅಪ್ಪನಿಗೆ ಇದು ಗೊತ್ತಿತ್ತು. ಸುತ್ತಿಗೆ ಕೆಳಗಿಟ್ಟ ಮೇಲೂ ಅವರು ಬಗ್ಗಿ, ಗಾಲಿಯ ಗುಂಬದ ಒಳ ಅಂಚಿಗೆ ಲಾಂದ್ರ ಹಿಡಿದು ಒಂದು ಕ್ಷಣ ನೋಡುತ್ತಿದ್ದರು. ಏನನ್ನು ನೋಡುತ್ತಿದ್ದರೆಂಬುದು ನನಗೆ ತಿಳಿದದ್ದು ನಾನೇ ಒಂದು ರೈಲ್ವೆ ವರ್ಕ್‌ಶಾಪಿಗೆ ಸೇರಿ, ಆಕ್ಸಲ್‌ಗಳ ಅಲ್ಟ್ರಾಸೋನಿಕ್ ಪರೀಕ್ಷೆಯ ಬೆಂಚಿನ ಮುಂದೆ ಕೂತ ಮೇಲೆ. ಮೂವತ್ತೈದು ವರ್ಷ ಅಲ್ಲೇ ಕೂತೆ. ಈ ಆಕ್ಸಲ್ ಎಂಬ ವಸ್ತು ಯಾಕೆ ಮುರಿಯುತ್ತದೆ ಎಂದು ಮನುಷ್ಯರು ಕಂಡುಕೊಂಡ ಕತೆಯನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಕತೆ ಶುರುವಾಗುವುದು ಫ್ರಾನ್ಸಿನಲ್ಲಿ. 1842ರ ಮೇ 8, ಭಾನುವಾರ. ದೊರೆ ಲೂಯಿ ಫಿಲಿಪ್ಪನ ಹೆಸರಿನ ಹಬ್ಬಕ್ಕೆ ವರ್ಸೈಲ್ಸ್ ಅರಮನೆಯ ಕಾರಂಜಿಗಳನ್ನು ಬಿಟ್ಟಿದ್ದರು. ನೋಡಲು ಹೋದ ಜನ ಸಂಜೆ ಪ್ಯಾರಿಸ್ಸಿಗೆ ಮರಳುತ್ತಿದ್ದರು. ಗಾಡಿ ಉದ್ದವಾಗಿದ್ದರಿಂದ ಎರಡು ಎಂಜಿನ್ ಕಟ್ಟಿದ್ದರು. ಮ್ಯೂಡಾನ್ ಹತ್ತಿರ ಮುಂದಿನ ಎಂಜಿನ್ನಿನ ಆಕ್ಸಲ್ ಮುರಿಯಿತು. ಅದು ನೆಲ ಕಚ್ಚಿತು, ಹಿಂದಿನ ಎಂಜಿನ್ ಅದರ ಮೇಲೇರಿತು, ಮರದ ಬೋಗಿಗಳು ಒಂದರ ಮೇಲೊಂದು ಬಿದ್ದವು, ಚೆಲ್ಲಿದ ಕೆಂಡ ಅವಕ್ಕೆ ಹತ್ತಿಕೊಂಡಿತು. ಪ್ರಯಾಣಿಕರು ಓಡುವ ಗಾಡಿಯಿಂದ ಇಳಿಯಬಾರದೆಂದು ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕುವುದು ಅಂದಿನ ಪದ್ಧತಿ. ಐವತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ದಕ್ಷಿಣ ಧ್ರುವದ ಕಡೆ ಹಡಗು ನಡೆಸಿ ಬಂದಿದ್ದ ನಾವಿಕ ಡ್ಯುಮಾಂಟ್ ಡರ್ವಿಲ್, ಅವನ ಹೆಂಡತಿ ಅಡೆಲ್, ಮಗ ಮೂವರೂ ಇದ್ದರು. ಅಂಟಾರ್ಕ್ಟಿಕದ ಒಂದು ತೀರಕ್ಕೆ ಅವನು ಇಟ್ಟದ್ದು ಹೆಂಡತಿಯದೇ ಹೆಸರು, ಅಲ್ಲಿನ ಪೆಂಗ್ವಿನ್‌ಗಳಿಗೂ ಅದೇ ಹೆಸರು ಉಳಿದಿದೆ. ಹಿಮದ ಸಮುದ್ರ ಗೆದ್ದು ಬಂದವನು ಒಂದು ಕಬ್ಬಿಣದ ಸರಳು ಮುರಿದದ್ದರಿಂದ ಊರ ಹತ್ತಿರ ಸತ್ತ. ಬಾಗಿಲಿಗೆ ಬೀಗ ಹಾಕುವ ಪದ್ಧತಿಯನ್ನು ಫ್ರಾನ್ಸ್ ಆಮೇಲೆ ಕೈಬಿಟ್ಟಿತು. ಆದರೆ ಸರಳು ಯಾಕೆ ಮುರಿಯಿತು?

ಆ ಕಾಲದ ಉತ್ತರ ಹೀಗಿತ್ತು. ಆಗಿನ ಆಕ್ಸಲ್‌ಗಳು ಮೆದು ಕಬ್ಬಿಣದವು. ಬಡಿದು ಬಡಿದು ಮಾಡಿದ ಆ ಕಬ್ಬಿಣವನ್ನು ಬಗ್ಗಿಸಿ ಹರಿದರೆ ಹಸಿ ಬಿದಿರು ಸೀಳಿದ ಹಾಗೆ ನಾರು ನಾರಾಗಿ ಬರುತ್ತದೆ. ಆದರೆ ಓಡುತ್ತಾ ಮುರಿದ ಆಕ್ಸಲ್ಲಿನ ಮೈ ಕಲ್ಲುಸಕ್ಕರೆ ಒಡೆದಂತೆ ಹರಳು ಹರಳಾಗಿ ಹೊಳೆಯುತ್ತಿತ್ತು. ನಾರಾಗಿದ್ದದ್ದು ಹರಳಾಗಿದೆ, ಹಳಿಯ ಮೇಲಿನ ಅದುರಾಟ ಕಬ್ಬಿಣದ ಗುಣವನ್ನೇ ಬದಲಾಯಿಸಿದೆ ಎಂದು ಎಂಜಿನಿಯರ್‌ಗಳು ತೀರ್ಮಾನಿಸಿದರು. ಕೇಳಿದರೆ ಒಪ್ಪಬೇಕೆನಿಸುವ ಮಾತು. ಕಣ್ಣಿಗೆ ಕಾಣುವ ಹೊಳಪೇ ಸಾಕ್ಷಿ. ನಾನು ಕೆಲಸಕ್ಕೆ ಸೇರಿದಾಗಲೂ ಹಳೆಯ ಫಿಟ್ಟರ್‌ಗಳು ಮುರಿದ ಬೋಲ್ಟ್ ಹಿಡಿದು "ಕಬ್ಬಿಣ ಹರಳುಗಟ್ಟಿದೆ" ಎನ್ನುತ್ತಿದ್ದರು. ನೂರಮೂವತ್ತು ವರ್ಷ ಕಳೆದರೂ ಆ ಮಾತು ಸತ್ತಿರಲಿಲ್ಲ.

ಆದರೆ ವರ್ಸೈಲ್ಸ್ ದುರಂತದ ಮರುವರ್ಷವೇ, 1843ರಲ್ಲಿ, ಇನ್ನೊಬ್ಬನು ಮುರಿದ ಆಕ್ಸಲ್‌ಗಳನ್ನು ಬೇರೆಯೇ ರೀತಿಯಲ್ಲಿ ನೋಡಿದ್ದ. ವಿಲಿಯಂ ಜಾನ್ ಮ್ಯಾಕ್ವಾರ್ನ್ ರ‍್ಯಾಂಕಿನ್, ಎಡಿನ್‌ಬರೋದವನು, ವಯಸ್ಸು ಇಪ್ಪತ್ತೆರಡು. ಉಗಿಯಂತ್ರದ ಶಾಸ್ತ್ರಕ್ಕೆ ಅವನ ಹೆಸರು ಆಮೇಲೆ ಅಂಟಿಕೊಂಡಿತು, ಕಾಲೇಜಿನ ಹುಡುಗರಿಗೆ ರ‍್ಯಾಂಕಿನ್ ಸೈಕಲ್ ಗೊತ್ತು. ಲಂಡನ್ನಿನ ಸಿವಿಲ್ ಎಂಜಿನಿಯರ್‌ಗಳ ಸಂಸ್ಥೆಗೆ ಅವನು ಕೊಟ್ಟ ಲೇಖನ ಆಕ್ಸಲ್ಲಿನ ಜರ್ನಲ್, ಅಂದರೆ ಬೇರಿಂಗಿನೊಳಗೆ ಕೂರುವ ತುದಿ, ದಿಢೀರನೆ ಮುರಿಯುವುದನ್ನು ಕುರಿತದ್ದು. ಅವನು ಕಂಡದ್ದು ಇಷ್ಟು: ಜರ್ನಲ್ಲಿನ ಕತ್ತಿನ ಸುತ್ತಲೂ ಅಂಚಿನಿಂದ ಒಳಕ್ಕೆ ನುಣುಪಾದ ಒಂದು ಬಿರುಕು, ಸರಾಸರಿ ಅರ್ಧ ಇಂಚು ಆಳ. ಅದು ಒಂದೇ ದಿನದಲ್ಲಿ ಆದದ್ದಲ್ಲ, ಮೆಲ್ಲಮೆಲ್ಲನೆ ಮೈಯಿಂದ ನಡುವಿನ ಕಡೆಗೆ ನಡೆದದ್ದು. ನಡುವೆ ಉಳಿದ ಗಟ್ಟಿ ಕಬ್ಬಿಣ ಭಾರ ಹೊರಲು ಸಾಲದಾದಾಗ ಅದು ಒಮ್ಮೆಲೇ ಮುರಿದಿದೆ.

ಹೊಳೆಯುವ ಹರಳು ಸಾವಿನ ಕೊನೆಯ ಗಳಿಗೆ ಮಾತ್ರ. ಕಾಯಿಲೆ ಇರುವುದು ಅಂಚಿನ ನುಣುಪಾದ, ಮಾಸಲು ಭಾಗದಲ್ಲಿ. ಇಡೀ ಈ ವಿದ್ಯೆ ಅಲ್ಲಿಂದ ಹುಟ್ಟಿತೆಂದು ನನ್ನ ನಂಬಿಕೆ. ಪರಿಹಾರವನ್ನೂ ಅವನು ಹೇಳಿದ: ಜರ್ನಲ್ ಆಕ್ಸಲ್ಲಿನ ಮೈಗೆ ಸೇರುವ ಹೆಗಲಿನಲ್ಲಿ ಚೂಪು ಮೂಲೆ ಬಿಡಬೇಡಿ, ದೊಡ್ಡ ದುಂಡು ಕೊಡಿ. ಕಾಲುವೆಯ ನೀರು ದಿಢೀರ್ ತಿರುವಿನಲ್ಲಿ ದಂಡೆ ಕೊರೆಯುತ್ತದೆ, ಸಾವಕಾಶದ ತಿರುವಿನಲ್ಲಿ ಸುಮ್ಮನೆ ಹರಿಯುತ್ತದೆ. ಲೇತ್ ಮುಂದೆ ನಿಂತ ಹುಡುಗರಿಗೆ ನಾನು ಹೀಗೇ ಹೇಳಿಕೊಡುತ್ತಿದ್ದೆ. ಇವತ್ತಿಗೂ ಯಾವ ಆಕ್ಸಲ್ಲಿನ ಡ್ರಾಯಿಂಗ್ ತೆಗೆದರೂ ಆ ದುಂಡು ಇದೆ.

ಸರಿಯಾದ ಉತ್ತರ 1843ರಲ್ಲೇ ಅಚ್ಚಾಗಿತ್ತು, ಒಪ್ಪಿಕೊಂಡವರು ಕಡಿಮೆ. 1850ರ ಹೊತ್ತಿಗೂ ಬರ್ಮಿಂಗ್‌ಹ್ಯಾಮಿನ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಭೆಯಲ್ಲಿ ಹರಳಿನ ವಾದ ನಡೆದೇ ಇತ್ತು. ಅಧ್ಯಕ್ಷ ರಾಬರ್ಟ್ ಸ್ಟೀಫನ್‌ಸನ್ ಅದನ್ನು ಸುಲಭಕ್ಕೆ ನಂಬಲಿಲ್ಲ. ಕಬ್ಬಿಣದ ಒಳಗುಣ ಬದಲಾಯಿತೆನ್ನಲು ಅಲ್ಲಗಳೆಯಲಾಗದ ಪುರಾವೆ ಬೇಕೆಂದು ಸದಸ್ಯರನ್ನು ಎಚ್ಚರಿಸಿದ. ಅವನಿಗೆ ಆ ಎಚ್ಚರ ಪುಸ್ತಕದಿಂದ ಬಂದದ್ದಲ್ಲ. 1847ರ ಮೇ 24ರಂದು ಚೆಸ್ಟರ್ ಊರಲ್ಲಿ ಡೀ ನದಿಯ ಮೇಲೆ ಅವನೇ ಕಟ್ಟಿದ ಬೀಡುಕಬ್ಬಿಣದ ಸೇತುವೆ ಗಾಡಿಯ ಕೆಳಗೆ ಮುರಿದು ಐವರು ಸತ್ತಿದ್ದರು. ಅದರ ಬೆನ್ನಿಗೇ ನೇಮಕವಾದ ರಾಯಲ್ ಕಮಿಷನ್ನಿಗಾಗಿ ಕ್ಯಾಪ್ಟನ್ ಜೇಮ್ಸ್, ಕ್ಯಾಪ್ಟನ್ ಗಾಲ್ಟನ್ ಎಂಬಿಬ್ಬರು ಬೀಡಿನ ಸರಳುಗಳನ್ನು ಯಂತ್ರಕ್ಕೆ ಕಟ್ಟಿ ಮತ್ತೆ ಮತ್ತೆ ಬಾಗಿಸಿದರು. ಮುರಿಯಲು ಎಷ್ಟು ಬಾಗಬೇಕೋ ಅದರ ಮೂರನೇ ಒಂದರಷ್ಟು ಬಾಗಿಸಿದಾಗ ಸರಳು ಹತ್ತು ಸಾವಿರ ಸಲ ತಾಳಿತು. ಅರ್ಧದಷ್ಟು ಬಾಗಿಸಿದಾಗ ಸಾವಿರ ಸಲಕ್ಕೂ ಮುಂಚೆ ಮುರಿಯಿತು. ಒಂದು ಸಲಕ್ಕೆ ಏನೂ ಮಾಡದ ಭಾರ ಸಾವಿರ ಸಲಕ್ಕೆ ಕೊಲ್ಲುತ್ತದೆ ಎಂಬುದು ಅಂಕಿಯಲ್ಲಿ ಬಂತು.

1854ರಲ್ಲಿ ಫ್ರೆಡರಿಕ್ ಬ್ರೇತ್‌ವೇಟ್ ಎಂಬವನು ತನ್ನ ಲೇಖನದಲ್ಲಿ ಇದಕ್ಕೆ ಲೋಹದ ದಣಿವು ಎಂದು ಹೆಸರಿಟ್ಟ. ಫ್ರಾನ್ಸಿನ ಪಾನ್ಸಲೆ ಅದಕ್ಕೂ ಮುಂಚೆ ಹೀಗೇ ಕರೆದಿದ್ದ. ಇಂಗ್ಲಿಷಿನ ಫಟೀಗ್ ಇವತ್ತಿಗೂ ನಮ್ಮ ರಿಜಿಸ್ಟರುಗಳಲ್ಲಿ ಉಳಿದಿದೆ. ಹೆಸರು ನನಗೆ ಯಾವತ್ತೂ ಸಮಾಧಾನ ಕೊಟ್ಟಿಲ್ಲ. ದಣಿದ ಆಳು ಮಲಗಿ ಎದ್ದರೆ ಸರಿಹೋಗುತ್ತಾನೆ. ಬಿರುಕು ಬಿಟ್ಟ ಆಕ್ಸಲ್ಲನ್ನು ಹತ್ತು ವರ್ಷ ಶೆಡ್ಡಿನಲ್ಲಿಟ್ಟರೂ ಬಿರುಕು ಕೂದಲಷ್ಟೂ ಕೂಡಿಕೊಳ್ಳುವುದಿಲ್ಲ. ಲೆಕ್ಕ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಆ ಲೆಕ್ಕವನ್ನು ಬರೆದವನು ಆಗಸ್ಟ್ ವೋಲರ್. ಈ ಮನುಷ್ಯನ ಮೇಲೆ ನನಗೆ ಇರುವ ಗೌರವ ಬೇರೆ ಯಾರ ಮೇಲೂ ಇಲ್ಲ. ಯಾಕೆಂದರೆ ಅವನು ಪ್ರೊಫೆಸರ್ ಅಲ್ಲ, ನಮ್ಮವನು. ಪ್ರಷ್ಯಾದ ಓಡರ್ ನದಿಯ ದಂಡೆಯ ಫ್ರಾಂಕ್‌ಫರ್ಟ್ ಊರಲ್ಲಿ ಒಂದು ರೈಲ್ವೆಯ ಗಾಡಿ, ಎಂಜಿನ್ನುಗಳ ಉಸ್ತುವಾರಿ ಅವನದು. ಆಕ್ಸಲ್‌ಗಳು ಮುರಿಯುತ್ತಿದ್ದವು, ಯಾಕೆಂದು ಅವನಿಗೆ ಬೇಕಿತ್ತು. ಮೊದಲು ಅವನು ಕೇಳಿಕೊಂಡ ಪ್ರಶ್ನೆ: ಓಡುವ ಗಾಡಿಯಲ್ಲಿ ಆಕ್ಸಲ್ ಎಷ್ಟು ಬಾಗುತ್ತದೆ? ಅಳೆಯಲು ಇವತ್ತಿನ ಯಾವ ಉಪಕರಣವೂ ಇರಲಿಲ್ಲ. ಆಕ್ಸಲ್ ಬಾಗಿದಾಗ ಒಂದು ಮುಳ್ಳು ಸತುವಿನ ತಗಡಿನ ಮೇಲೆ ಗೀರು ಎಳೆಯುವಂತೆ ಅವನು ಏರ್ಪಾಟು ಮಾಡಿದ. ಗಾಡಿ ಓಡಿ ಬಂದ ಮೇಲೆ ತಗಡು ಬಿಚ್ಚಿ ಗೀರಿನ ಉದ್ದ ಅಳೆದ. ನಮ್ಮ ಬೆಂಚಿನ ಪರದೆಯ ಮೇಲೆ ಹಸಿರು ಗೆರೆ ನೋಡುತ್ತಾ ಎಷ್ಟೋ ಸಲ ನಾನು ಆ ಸತುವಿನ ತಗಡನ್ನು ನೆನೆದಿದ್ದೇನೆ.

ಆಕ್ಸಲ್ಲಿನ ಮೇಲೆ ಏನಾಗುತ್ತದೆಂದು ತಿಳಿಯಲು ಹೆಗಲ ಮೇಲೆ ಅಡ್ಡೆ ಹೊತ್ತವನನ್ನು ನೆನೆಸಿಕೊಳ್ಳಿ. ಎರಡು ತುದಿಯಲ್ಲಿ ಭಾರ, ನಡುವೆ ಹೆಗಲು. ಬಿದಿರಿನ ಮೇಲ್ಮೈ ಎಳೆದುಕೊಳ್ಳುತ್ತದೆ, ಕೆಳಮೈ ಒತ್ತಿಕೊಳ್ಳುತ್ತದೆ. ರೈಲಿನ ಆಕ್ಸಲ್ಲಿಗೂ ಹಾಗೇ: ಹೊರತುದಿಗಳ ಮೇಲೆ ಬೋಗಿಯ ಭಾರ ಕೂತಿದೆ, ಒಳಗೆ ಗಾಲಿಗಳು ಹೊತ್ತಿವೆ. ಆದರೆ ಅಡ್ಡೆ ತಿರುಗುವುದಿಲ್ಲ, ಆಕ್ಸಲ್ ತಿರುಗುತ್ತದೆ. ಈಗ ಮೇಲಿದ್ದ ಜಾಗ ಅರ್ಧ ಸುತ್ತಿಗೆ ಕೆಳಗೆ ಹೋಗುತ್ತದೆ, ಎಳೆದದ್ದು ಒತ್ತಾಗುತ್ತದೆ, ಮತ್ತೆ ಎಳೆತ. ಒಂದು ಮೀಟರ್ ಅಡ್ಡಳತೆಯ ಗಾಲಿ ಕಿಲೋಮೀಟರಿಗೆ 318 ಸುತ್ತು ಸುತ್ತುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿ ತಲುಪುವುದರೊಳಗೆ ಸುಮಾರು ಒಂದೂವರೆ ಲಕ್ಷ ಸಲ ಎಳೆತ, ಒಂದೂವರೆ ಲಕ್ಷ ಸಲ ಒತ್ತು. ನೀವು ಕಿಟಕಿಯ ಪಕ್ಕ ಕೂತು ಅರಸೀಕೆರೆಯ ತೆಂಗಿನ ತೋಟ ನೋಡುವಾಗ ಕಾಲ ಕೆಳಗೆ ಇದು ನಡೆಯುತ್ತಿರುತ್ತದೆ.

ವೋಲರ್ ಇದನ್ನೇ ಯಂತ್ರದಲ್ಲಿ ಮಾಡಿಸಿದ. ತುಂಡು ಆಕ್ಸಲ್ಲಿನ ತುದಿಗೆ ಭಾರ ತೂಗಿ ತಿರುಗಿಸಿದ, ಮುರಿಯುವವರೆಗೆ ಸುತ್ತು ಎಣಿಸಿದ. ಭಾರ ಕಡಿಮೆ ಮಾಡಿ ಮತ್ತೆ ತಿರುಗಿಸಿದ. ಭಾರ ತಗ್ಗಿದಷ್ಟೂ ಸುತ್ತು ಹೆಚ್ಚಿತು. ಕೆಲವು ತುಂಡುಗಳು ಕೋಟಿ ದಾಟಿ ತಿರುಗಿದವು. ಒಂದು ಮಟ್ಟಕ್ಕಿಂತ ಕೆಳಗೆ ಭಾರ ಇಳಿಸಿದರೆ ಎಷ್ಟು ತಿರುಗಿದರೂ ಮುರಿಯಲಿಲ್ಲ. ಚೂಪು ಹೆಗಲಿನ ತುಂಡುಗಳು ದುಂಡು ಹೆಗಲಿನವಕ್ಕಿಂತ ಬೇಗ ಸತ್ತವು. ಹನ್ನೆರಡು ವರ್ಷಕ್ಕೂ ಮಿಕ್ಕಿ ನಡೆದ ಈ ಕೆಲಸದ ಕೊನೆಯ ವರದಿ 1870ರಲ್ಲಿ ಬಂತು. ಒಬ್ಬ ವರ್ಕ್‌ಶಾಪಿನ ಅಧಿಕಾರಿ ದಿನದ ಗಾಡಿ ಓಡಿಸುವ ತಾಪತ್ರಯದ ನಡುವೆ, ನಾಳೆ ಫಲ ಕೊಡದ ಒಂದು ಯಂತ್ರವನ್ನು ಅಷ್ಟು ವರ್ಷ ತಿರುಗಿಸುತ್ತಾ ಕೂತ. ಅವನಿಗೆ ಅವಕಾಶ ಕೊಟ್ಟ ಮೇಲಿನವರಿಗೂ ನಮಸ್ಕಾರ ಹೇಳಬೇಕು.

ಅಷ್ಟಾದರೂ ಮುರಿಯುವುದು ನಿಲ್ಲಲಿಲ್ಲ, ಬಿರುಕು ಜಾಗ ಬದಲಿಸಿತು. 1874ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ಸಿಗೆ ಊರಿಗೆ ಹೊರಟವರ ಗಾಡಿ ಆಕ್ಸ್‌ಫರ್ಡ್ ಸಮೀಪದ ಶಿಪ್ಟನ್ ಎಂಬಲ್ಲಿ ಉರುಳಿ 34 ಜನ ಸತ್ತರು. ಈ ಸಲ ಆಕ್ಸಲ್ ಅಲ್ಲ, ಗಾಲಿಯ ಟೈರ್. ರೈಲಿನ ಟೈರ್ ಎಂದರೆ ರಬ್ಬರಲ್ಲ, ನಮ್ಮೂರ ಕಮ್ಮಾರ ಎತ್ತಿನ ಗಾಡಿಯ ಗಾಲಿಗೆ ಬೆರಣಿ ಬೆಂಕಿಯಲ್ಲಿ ಕಾಸಿ ತೊಡಿಸಿ, ನೀರು ಹೊಯ್ದು ಬಿಗಿಸುತ್ತಾನಲ್ಲ, ಆ ಪಟ್ಟಿ. ಹಳೆಯ ಮೂರನೇ ದರ್ಜೆಯ ಬೋಗಿಯ ಟೈರನ್ನು ಗಾಲಿಗೆ ರಿವೆಟ್ ಹೊಡೆದು ಕೂರಿಸಿದ್ದರು. ರಿವೆಟ್ಟಿಗೆ ತೂತು ಬೇಕು, ಆ ತೂತಿನಲ್ಲೇ ಟೈರ್ ಸೋತಿತ್ತು. ಟೈರ್ ಹೋದ ಬೋಗಿ ಹೇಗೋ ಎಳೆದುಕೊಂಡು ಹೋಗುತ್ತಿತ್ತು. ಮುಂದೆ ಬ್ರೇಕ್ ಹಾಕಿದೊಡನೆ ಹಿಂದಿನ ಬೋಗಿಗಳೆಲ್ಲ ಅದರ ಮೇಲೆ ನುಗ್ಗಿದವು.

ಆಮೇಲೆ ಹೆಚ್ಚು ಬಳಕೆಗೆ ಬಂದದ್ದು ರಿಚರ್ಡ್ ಮ್ಯಾನ್ಸೆಲ್ ಎಂಬವನ ಗಾಲಿ. ಅದರ ನಡುಭಾಗ ಕಬ್ಬಿಣವಲ್ಲ, ತೇಗ. ಹದಿನಾರು ತೇಗದ ಹೋಳುಗಳನ್ನು ಹಲಸಿನ ತೊಳೆಯಂತೆ ಸುತ್ತ ಜೋಡಿಸಿ, ಟೈರಿಗೆ ಒಂದೂ ತೂತು ಕೊರೆಯದೆ ಎರಡು ಮಗ್ಗುಲಿನ ಬಳೆಗಳಿಂದ ಹಿಡಿದಿಡುವ ಗಾಲಿ. ಟೈರ್ ಒಡೆದರೂ ಚೂರು ಚೂರಾಗಿ ಹಾರುವುದಿಲ್ಲ. ಅದಕ್ಕೆ 1848ರಲ್ಲೇ ಪೇಟೆಂಟ್ ಸಿಕ್ಕಿತ್ತು. ಇಪ್ಪತ್ತಾರು ವರ್ಷ ಅದು ಕೈಗೆಟುಕುವಂತೆಯೇ ಇತ್ತು ಎಂಬುದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಹರಳಿನ ವಾದಕ್ಕೆ ಕೊನೆಯ ಮೊಳೆ ಬಿದ್ದದ್ದು 1903ರಲ್ಲಿ. ಯೂಯಿಂಗ್ ಮತ್ತು ಹಂಫ್ರಿ ಎಂಬಿಬ್ಬರು ಸ್ವೀಡನ್ನಿನ ಕಬ್ಬಿಣವನ್ನು ಕನ್ನಡಿಯಂತೆ ಉಜ್ಜಿ, ಮತ್ತೆ ಮತ್ತೆ ಬಾಗಿಸಿ, ಆಗಾಗ ನಿಲ್ಲಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಬ್ಬಿಣ ಯಾವಾಗಲೂ ಹರಳುಗಳದ್ದೇ, ಹುಟ್ಟಿದಾಗಿನಿಂದ. ಆ ಹರಳುಗಳೊಳಗೆ ಇಸ್ಪೀಟಿನ ಎಲೆಗಳು ಒಂದರ ಮೇಲೊಂದು ಜಾರುವಂತೆ ಸಣ್ಣ ಜಾರುಗೆರೆಗಳು ಏಳುತ್ತವೆ. ಗೆರೆಗಳು ದಪ್ಪವಾಗುತ್ತವೆ, ಒಂದು ಕಡೆ ಬಿರುಕಾಗುತ್ತವೆ. ಇಪ್ಪತ್ತೆರಡರ ಹುಡುಗನೊಬ್ಬ ಬರಿಗಣ್ಣಲ್ಲಿ ಓದಿದ್ದನ್ನು ಲೋಕ ಒಪ್ಪಲು ಅರವತ್ತು ವರ್ಷ ಹಿಡಿಯಿತು.

ನನ್ನ ಬೆಂಚಿನ ಮಾತಿಗೆ ಬರುತ್ತೇನೆ. ಶಬ್ದದ ಅಲೆಯನ್ನು ಲೋಹದೊಳಗೆ ಕಳಿಸಿ ಒಳಗಿನ ದೋಷ ಹುಡುಕಬಹುದೆಂದು ರಷ್ಯಾದ ಸೊಕೊಲೋವ್ 1928ರಲ್ಲಿ ಹೇಳಿದ. ಹೋದ ಅಲೆಯ ಪ್ರತಿಧ್ವನಿಯನ್ನು ಕೇಳುವ ಯಂತ್ರವನ್ನು ಅಮೆರಿಕದ ಮಿಷಿಗನ್ನಿನಲ್ಲಿ ಫೈರ್‌ಸ್ಟೋನ್ 1940ರ ಹೊತ್ತಿಗೆ ಮಾಡಿದ. ಅಪ್ಪನ ಸುತ್ತಿಗೆಯೇ ಇದು, ಕಿವಿಗೆ ಕೇಳದಷ್ಟು ಮೇಲಿನ ಸ್ವರದಲ್ಲಿ. ಆಕ್ಸಲ್ ತುದಿಯ ಮುಖ ಒರೆಸಿ, ಎಣ್ಣೆ ಸವರಿ, ರೂಪಾಯಿಯಷ್ಟಗಲದ ಪ್ರೋಬ್ ಒತ್ತಿ ಹಿಡಿಯಬೇಕು. ಎಣ್ಣೆ ಇಲ್ಲದಿದ್ದರೆ ನಡುವಿನ ಗಾಳಿ ಅಲೆಯನ್ನು ಒಳಗೆ ಬಿಡುವುದಿಲ್ಲ. ಪರದೆಯ ಎಡಕ್ಕೆ ಹೊರಟ ಅಲೆಯ ಮೊನೆ, ಬಲಕ್ಕೆ ಆ ತುದಿ ಮುಟ್ಟಿ ಬಂದ ಅಲೆಯ ಮೊನೆ, ನಡುವೆ ಹೆಗಲುಗಳಿಂದ ಬರುವ ಗೊತ್ತಿರುವ ಮೊನೆಗಳು. ಅವುಗಳ ನಡುವೆ ಹೊಸ ಮುಖವೊಂದು ಎದ್ದರೆ ಮೈ ಬಿಸಿಯಾಗುತ್ತದೆ. ಪ್ರೋಬನ್ನು ಮೆಲ್ಲಗೆ ಸುತ್ತ ತಿರುಗಿಸಿ ಯಾವ ಮಗ್ಗುಲಲ್ಲಿ ಅದು ದಪ್ಪವಾಗುತ್ತದೆಂದು ಹುಡುಕಬೇಕು.

ಹೆಚ್ಚಿನ ಸಲ ಅದು ಏಳುತ್ತಿದ್ದದ್ದು ಗಾಲಿ ಕೂತ ಜಾಗದ ಒಳ ಅಂಚಿನಲ್ಲಿ. ಒತ್ತಿ ಕೂರಿಸಿದ ಗಾಲಿಗೂ ಆಕ್ಸಲ್ಲಿಗೂ ನಡುವೆ ಕಣ್ಣಿಗೆ ಕಾಣದಷ್ಟು ಉಜ್ಜಾಟ ಇರುತ್ತದೆ. ಆ ಉಜ್ಜಾಟದಿಂದ ಕೆಂಪುಕಂದು ಪುಡಿ ಹೊರಗೆ ಬಂದು ಅಂಚಿನ ಸುತ್ತ ಕಾಫಿಪುಡಿ ಉದುರಿದಂತೆ ಅಂಟಿರುತ್ತದೆ. ಅಪ್ಪ ಲಾಂದ್ರ ಹಿಡಿದು ನೋಡುತ್ತಿದ್ದದ್ದು ಆ ಪುಡಿಯನ್ನು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವರ ಮೇಸ್ತ್ರಿ ನೋಡುತ್ತಿದ್ದರಂತೆ, ಇವರೂ ನೋಡಿದರು.

ಒಂದು ಆಕ್ಸಲ್ಲಿನ ಮಾತು ಹೇಳಲೇಬೇಕು. ಊರು ಬೇಡ, ವರ್ಷ ಬೇಡ. ಒಂದು ಗೂಡ್ಸ್ ವ್ಯಾಗನ್ನಿನ ಆಕ್ಸಲ್ ಘಾಟಿನ ಕೆಳಗೆ ಮುರಿದಿತ್ತು. ವೇಗ ಕಡಿಮೆಯಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಎರಡು ತುಂಡುಗಳು ನಮ್ಮಲ್ಲಿಗೆ ಬಂದವು. ಬರುವ ಮೊದಲೇ ಯಾರೋ ಫೋಟೋ ಚೆನ್ನಾಗಿ ಬರಲೆಂದು ಸೀಮೆಎಣ್ಣೆಯಲ್ಲಿ ಒರೆಸಿದ್ದರು. ಇನ್ಯಾರೋ ಎರಡು ಮುಖಗಳನ್ನು ಒಂದಕ್ಕೊಂದು ಕೂಡಿಸಿ, ಸರಿಯಾಗಿ ಕೂರುತ್ತವೆಯೇ ಎಂದು ನೋಡಿದ್ದರು. ಫೋಟೋಗಳಲ್ಲಿ ಇದ್ದದ್ದೆಲ್ಲ ಹೊಳೆಯುವ ಹರಳಿನ ಭಾಗ. ಉಕ್ಕೇ ಕಳಪೆ ಎಂಬ ಷರಾ ಆಗಲೇ ಕಾಗದದ ಮೇಲೆ ಬಿದ್ದಿತ್ತು.

ಲ್ಯಾಬಿನ ಸಾಹೇಬರು ಮಾತಾಡದೆ ತುಂಡನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿಸಿದರು. ನಾನೇ ಹಿಡಿದಿದ್ದೆ. ಹರಳಿನ ಭಾಗ ಮೂರನೇ ಒಂದರಷ್ಟೂ ಇರಲಿಲ್ಲ. ಉಳಿದದ್ದು ನುಣುಪು. ಬೆಳಕು ಓರೆಯಾದೊಡನೆ ಅದರ ಮೇಲೆ ಬಿಲ್ಲಿನಾಕಾರದ ಗೆರೆಗಳು ಎದ್ದು ಕಂಡವು. ಬೇಸಿಗೆಯಲ್ಲಿ ಕೆರೆಯ ನೀರು ಇಳಿಯುತ್ತಾ ದಂಡೆಯ ಕೆಸರಿನ ಮೇಲೆ ಒಂದೊಂದಾಗಿ ಗೆರೆ ಬಿಟ್ಟು ಹೋಗುತ್ತದಲ್ಲ, ಹಾಗೆ. ಇಂಗ್ಲಿಷಿನವರು ಅವಕ್ಕೆ ಸಮುದ್ರ ದಂಡೆಯ ಹೆಸರು ಕೊಟ್ಟಿದ್ದಾರೆ, ಅರಸೀಕೆರೆಯವನಾದ ನನಗೆ ಅವು ಕೆರೆಗೆರೆ. ಗಾಡಿ ಓಡಿದಾಗ ಬಿರುಕು ಮುಂದೆ ಸರಿದದ್ದು, ನಿಂತಾಗ ನಿಂತದ್ದು, ಮತ್ತೆ ಸರಿದದ್ದು ಎಲ್ಲ ಅಲ್ಲಿ ಬರೆದಿರುತ್ತದೆ. ಗೆರೆಗಳು ಚಿಕ್ಕದಾಗುತ್ತಾ ಹೋಗುವ ದಿಕ್ಕನ್ನು ಹಿಡಿದು ಹೋದರೆ ಹುಟ್ಟಿದ ಜಾಗ ಸಿಗುತ್ತದೆ.

ಹಿಡಿದು ಹೋದೆವು. ಮುಖಗಳನ್ನು ಕೂಡಿಸಿ ಉಜ್ಜಿದ್ದರಿಂದ ಒಂದು ಕಡೆ ಗೆರೆಗಳು ಅಳಿಸಿದ್ದವು, ಇನ್ನೊಂದು ತುಂಡಿನಲ್ಲಿ ಉಳಿದಿದ್ದವು. ಅವೆಲ್ಲ ಸೇರಿದ್ದು ಆಕ್ಸಲ್ಲಿನ ಹೊರಮೈಯ ತೊಗರಿ ಕಾಳಿನಷ್ಟು ಒಂದು ಚುಕ್ಕೆಯ ಹತ್ತಿರ. ಆ ಜಾಗವನ್ನು ಕತ್ತರಿಸಿ, ಉಜ್ಜಿ, ಆಸಿಡ್ ಸವರಿ ನೋಡಿದರೆ ಸುಟ್ಟು ಗಟ್ಟಿಯಾದ ಒಂದು ಪದರ. ಎಂದೋ ವ್ಯಾಗನ್ನಿನ ಇನ್ನೆಲ್ಲೋ ವೆಲ್ಡಿಂಗ್ ಮಾಡುವಾಗ ಅರ್ತ್ ತಂತಿಯ ಕೊಕ್ಕೆ ಆಕ್ಸಲ್ಲಿಗೆ ತಾಗಿ ಕಿಡಿ ಹಾರಿತ್ತು. ಅಷ್ಟೇ. ಕ್ಷಣದ ಕಿಡಿ. ಉಕ್ಕಿನಲ್ಲಿ ಯಾವ ದೋಷವೂ ಇರಲಿಲ್ಲ. ಷರಾ ಹೊಡೆದುಹಾಕಿ ಹೊಸದಾಗಿ ಬರೆಯಲಾಯಿತು. ಆಕ್ಸಲ್ಲಿಗೆ ಅರ್ತ್ ಸಿಕ್ಕಿಸಬಾರದೆಂದು ವೆಲ್ಡರ್‌ಗಳನ್ನು ಒಬ್ಬೊಬ್ಬರಾಗಿ ಕರೆದು ಆ ಚುಕ್ಕೆಯನ್ನು ತೋರಿಸಿದೆವು. ನೋಡಿದ ಒಬ್ಬ ಹಿರಿಯ ವೆಲ್ಡರ್ ಅದರ ಮೇಲೆ ಬೆರಳಿಟ್ಟು ತುಂಬಾ ಹೊತ್ತು ತೆಗೆಯಲೇ ಇಲ್ಲ.

1998ರ ಜೂನ್ 3ರಂದು ಜರ್ಮನಿಯ ಎಶೆಡೆಯಲ್ಲಿ ನಡೆದದ್ದನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಶಿಪ್ಟನ್. ಗಂಟೆಗೆ 200 ಕಿಲೋಮೀಟರ್ ಓಡುತ್ತಿದ್ದ ಐಸಿಇ ಗಾಡಿ, 101 ಸಾವು. ಆ ಗಾಡಿಗಳು 1991ರಲ್ಲಿ ಶುರುವಾದಾಗ ಗಾಲಿಗಳು ಒಂದೇ ಎರಕದಂತೆ ಇಡಿಯಾಗಿದ್ದವು. ಊಟದ ಬೋಗಿಯಲ್ಲಿ ಅದುರಾಟ ಎಂದು ದೂರು ಬಂತು. ಟ್ರಾಮ್‌ಗಳಲ್ಲಿ ಇದ್ದಂತೆ ಗಾಲಿಯ ಮೈಗೂ ಉಕ್ಕಿನ ಟೈರಿಗೂ ನಡುವೆ ರಬ್ಬರ್ ಪದರವಿಟ್ಟರು. ರಬ್ಬರಿನ ಮೇಲೆ ಕೂತ ಟೈರ್ ಪ್ರತಿ ಸುತ್ತಿಗೂ ಸ್ವಲ್ಪ ಚಪ್ಪಟೆಯಾಗಿ ಮತ್ತೆ ದುಂಡಾಗುತ್ತದೆ. ವೋಲರ್ ಎಣಿಸಿದ ಅದೇ ಎಳೆತ, ಅದೇ ಒತ್ತು. ಟೈರ್ ಸವೆದು 920 ಮಿಲಿಮೀಟರಿನಿಂದ 862ಕ್ಕೆ ಬಂದಿತ್ತು, 854ರವರೆಗೆ ಓಡಿಸಬಹುದೆಂದು ನಿಯಮವಿತ್ತು. ಬಿರುಕು ಹುಟ್ಟಿದ್ದು ಟೈರಿನ ಒಳಮೈಯಲ್ಲಿ, ರಬ್ಬರ್ ತಾಗುವ ಕಡೆ. ಹೊರಗೆ ನಿಂತು ದೀಪ ಹಿಡಿದು ನೋಡಿದವನಿಗೆ ಅದು ಕಾಣುವಂತಿರಲಿಲ್ಲ. ರಬ್ಬರ್ ಹೊದ್ದ ಗಾಲಿ ಅಪ್ಪನ ಸುತ್ತಿಗೆಗೂ ಹಾಡುವುದಿಲ್ಲ. ಶಿಪ್ಟನ್ನಿನ ಹಾಗೇ ಟೈರ್ ಹೋದ ಮೇಲೂ ಗಾಡಿ ಕೆಲವು ಕಿಲೋಮೀಟರ್ ಓಡಿತು. ಹಳಿ ಬದಲಾಗುವ ಪಾಯಿಂಟಿನಲ್ಲಿ ಸಿಕ್ಕಿ, ಬೋಗಿ ಸೇತುವೆಯ ಕಂಬಕ್ಕೆ ಹೊಡೆಯಿತು. ಆಮೇಲೆ ಆ ಗಾಡಿಗಳಿಗೆ ಮತ್ತೆ ಇಡಿ ಗಾಲಿಗಳೇ ಬಂದವು.

ನಮ್ಮ ಯಲಹಂಕದ ಕಾರ್ಖಾನೆಯಲ್ಲಿ 1984ರಿಂದ ಎರಕ ಹೊಯ್ಯುತ್ತಿರುವುದೂ ಇಡಿ ಗಾಲಿಯನ್ನೇ, ಟೈರ್ ಬೇರೆ ಇಲ್ಲ. ಆಕ್ಸಲ್‌ಗಳೂ ಅಲ್ಲೇ ಆಗುತ್ತವೆ. ಅಂಥ ಒಂದು ಹೊಸ ಆಕ್ಸಲ್ಲನ್ನು ನೋಡುವ ಅವಕಾಶ ಸಿಕ್ಕರೆ ಜರ್ನಲ್ಲಿನ ಹೆಗಲಿನ ಮೇಲೆ ಹೆಬ್ಬೆರಳು ಸವರಿ ನೋಡಿ. ಎಲ್ಲೂ ಮೂಲೆ ತಾಗುವುದಿಲ್ಲ. ಅದು ರ‍್ಯಾಂಕಿನ್ನನ ದುಂಡು.

ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯಲ್ಲೂ ಲೋಹ ಮುರಿಯುತ್ತದೆ: ಸೈಕಲ್ಲಿನ ಪೆಡಲ್ ಕಡ್ಡಿ, ಬೋರ್‌ವೆಲ್ ಮೋಟಾರಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು, ಜೋಕಾಲಿಯ ಕೊಕ್ಕೆ. ಕೂಡಲೇ ಗುಜರಿಗೆ ಹಾಕಬೇಡಿ. ಸೀಮೆಎಣ್ಣೆಯಲ್ಲಿ ತೊಳೆಯಬೇಡಿ, ಮುರಿದ ಮುಖವನ್ನು ಬೆರಳಿನಿಂದ ಮುಟ್ಟಬೇಡಿ, ಎರಡು ತುಂಡುಗಳನ್ನು ಕೂಡಿಸಿ ನೋಡಬೇಡಿ. ಬಿಸಿಲಿಗೆ ಓರೆ ಹಿಡಿದು ಒಮ್ಮೆ ಗಮನಿಸಿ. ಮಾಸಲು ಭಾಗವಿದ್ದು ಅದರಲ್ಲಿ ಕೆರೆಗೆರೆಗಳಿದ್ದರೆ ಆ ಬಿರುಕು ಬಹಳ ದಿನದ್ದು, ಅದೇ ಕೆಲಸದಲ್ಲಿರುವ ಅದರ ಜೋಡಿಯಲ್ಲೂ ಇದ್ದೀತು. ಜೋಡಿಯನ್ನು ಅಂದೇ ಬಿಚ್ಚಿ ನೋಡಿ. ತುಂಡುಗಳನ್ನು ಬೇರೆ ಬೇರೆ ಒಣ ಕಾಗದದಲ್ಲಿ ಸುತ್ತಿ, ಮೇಲೆ ತಾರೀಕು ಬರೆದಿಡಿ.